ಕುಂಬಳದ ತೊಟ್ಟಿಗೆ ಕಟ್ಟಿದ ನೂಲು

ಸಿಂಗಟಾಲೂರಿನಿಂದ ಅಕ್ಕನ ಗಂಡ ಆ ಕುಂಬಳಕಾಯಿ ತಂದ ದಿನ, ಅದನ್ನು ಟಂಟಂ ಗಾಡಿಯಿಂದ ಇಳಿಸಲು ಇಬ್ಬರು ಗಂಡಸರು ಬೇಕಾದರು. ಗೋಣಿಚೀಲದ ಮೇಲೆ ಕೂಡಿಸಿ, ಮೂಲೆ ಹಿಡಿದು ಒಳಗೆ ತಂದು, ಪಡಸಾಲೆಯಲ್ಲಿ ಮಗ್ಗದ ಪಕ್ಕ ಹಳೇ ಸೀರೆ ಸುತ್ತಿ ಮಾಡಿದ ದೊಡ್ಡ ಸಿಂಬಿಯ ಮೇಲೆ ಇಟ್ಟರು. ನನ್ನ ಮೊಣಕಾಲಿಗಿಂತ ಎತ್ತರ ಬಂತು. ಬೆಟಗೇರಿಯ ನಮ್ಮ ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿದರು. ಮಾತಾಡುವಾಗ ಎಲ್ಲರೂ ಬೆರಳು ಮಡಚಿ, ಗೆಣ್ಣಿನಿಂದಲೇ ತೋರಿಸುತ್ತಿದ್ದರು. ಕುಂಬಳಕ್ಕೆ ಬೆರಳು ಚಾಚಿ ತೋರಿಸಿದರೆ ಕೊಳೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ನಾನೂ ಬೆರಳು ಮಡಚಿದೆ.

ಕಾಯಿ ಬಲಿತಿತ್ತು, ಬಣ್ಣ ಬಂದಿರಲಿಲ್ಲ. ಹೊಲದಲ್ಲಿ ಹಂದಿಯ ಕಾಟ ಇತ್ತಂತೆ. ಬಳ್ಳಿಯಲ್ಲೇ ಹಣ್ಣಾಗಲಿ ಎಂದು ಬಿಟ್ಟರೆ ಒಂದು ದಿನ ಬರೀ ಸಿಪ್ಪೆ ಸಿಕ್ಕೀತು ಎಂದು ಹೆದರಿ ಕೊಯ್ದಿದ್ದರು. ಅಕ್ಕನ ಮನೆಯಲ್ಲಿ ಮಗಳ ಮದುವೆಗೆಂದು ಸುಣ್ಣಬಣ್ಣ ನಡೆದಿತ್ತು, ಇಷ್ಟು ದೊಡ್ಡ ಕಾಯಿ ಇಡಲು ಜಾಗ ಇರಲಿಲ್ಲ. ಅದಕ್ಕೇ ನಮ್ಮಲ್ಲಿಗೆ ಕಳಿಸಿದಳು. ಸಂಜೆಗೆ ಫೋನು ಬಂತು.

“ಕೊಯ್ದಮ್ಯಾಗೂ ಅದು ಬಣ್ಣ ತಿರಗತೈತಿ ನೋಡ. ಒಳಗ ಬೀಜಾನೂ ಬಲೀತಾವ. ಪೂರಾ ಕೆಂಪಾಗೂತನಕ ಕೊಯ್ಯಬ್ಯಾಡ್ರಿ. ಕೆಂಪಾದಮ್ಯಾಗ ಅಪ್ಪ ಕೊಯ್ಯಲಿ, ಓಣಿಗೆಲ್ಲಾ ಹಂಚ್ರಿ, ನನಗ ಬೀಜ ಅಷ್ಟ ಸಾಕು. ಜೊಳ್ಳು ಬೀಜ ಕೊಟ್ಟೀರಿ ಮತ್ತ!”

ಅಕ್ಕ ಹೀಗೆ ಆಜ್ಞೆ ಮಾಡುವುದು ಹೊಸದಲ್ಲ. ಆಗಲಿ ತಾಯಿ ಎಂದೆ.

ಅವ್ವ ಹೋದಮೇಲೆ ಅಪ್ಪ ನಮ್ಮ ಮನೆಯಲ್ಲೇ ಇದ್ದಾನೆ. ನಮ್ಮನೆಯವರು ಮಗ್ಗದ ಮೇಲೆ ಕೂರುತ್ತಾರೆ, ನಾನು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ, ಅಪ್ಪ ನೂಲಿಗೆ ಬಣ್ಣ ಹಾಕುತ್ತಾನೆ. ಹಾಕುತ್ತಿದ್ದ ಅನ್ನಬೇಕು. ಈಗ ಬಣ್ಣದ ನೂಲು ಪಾಕೀಟಿನಲ್ಲೇ ಬರುತ್ತದೆ. ಪಾಕೀಟಿನಲ್ಲಿ ಸಿಗದ ಬಣ್ಣ ಯಾರಿಗಾದರೂ ಬೇಕಾದಾಗ ಮಾತ್ರ ಹಿತ್ತಲಲ್ಲಿ ಹಂಡೆಗೆ ಬೆಂಕಿ ಬೀಳುತ್ತದೆ. ಅಕ್ಕನ ಮಗಳು ಹಟ ಹಿಡಿದಿದ್ದಳು: ಅಕ್ಕಿಕಾಳು ಬೀಳುವ ಹೊತ್ತಿಗೆ ತಾನು ಉಡುವ ಹಸಿರು ಸೀರೆಯ ನೂಲಿಗೆ ಅಜ್ಜನೇ ಬಣ್ಣ ಹಾಕಬೇಕು, ಬೇರೆ ಸೀರೆ ಉಡುವುದಿಲ್ಲ. ಆ ಮಾತು ಕೇಳಿದ ದಿನದಿಂದ ಅಪ್ಪನ ನಡಿಗೆಯೇ ಬದಲಾಗಿತ್ತು. ಚಹಾ ಕುಡಿಯುತ್ತ ಯಾವ ಹಸಿರು, ಎಂಥ ಹಸಿರು ಎಂದು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದ. ಬಿಳಿ ನೂಲು ತಂದಿಟ್ಟು ಆಗಿತ್ತು. ಅಮಾವಾಸ್ಯೆ ದಾಟಿದ ಮೇಲೆ ಬಣ್ಣ ಎಂದು ನಿಗದಿ ಆಗಿತ್ತು.

ಅಪ್ಪನಿಗೆ ಒಂದು ಚಟ. ಯಾವ ಬಣ್ಣವನ್ನೂ ಬಾಯಿಮಾತಿನಲ್ಲಿ ನಂಬುವುದಿಲ್ಲ, ಪಕ್ಕದಲ್ಲಿ ಅದೇ ಬಣ್ಣದ ನೂಲು ಹಿಡಿದು ನೋಡಬೇಕು. ಅದಕ್ಕೆಂದೇ ಹಳೇ ಬಿಸ್ಕೀಟು ಡಬ್ಬಿಯ ತುಂಬ ತಾನು ಹಾಕಿದ ಬಣ್ಣಗಳದ್ದೆಲ್ಲ ಒಂದೊಂದು ಎಳೆ ಇಟ್ಟುಕೊಂಡಿದ್ದಾನೆ. ಕುಂಬಳಕಾಯಿ ಬಂದ ಮೇಲೆ ಡಬ್ಬಿಗೆ ಹೊಸ ಕೆಲಸ ಸಿಕ್ಕಿತು. ಪ್ರತಿ ಸೋಮವಾರ ಅದರ ಬಣ್ಣಕ್ಕೆ ಸರಿಹೊಂದುವ ಎಳೆ ಆರಿಸಿ ತೊಟ್ಟಿಗೆ ಕಟ್ಟುವುದು, ಎಷ್ಟು ತಿರುಗಿತು ಎಂದು ನೂಲು ನೋಡಿಯೇ ಹೇಳುವುದು. ಅಪ್ಪನಿಗೆ ಆಟ ಸಿಕ್ಕಿತಲ್ಲ ಎಂದು ನನಗೂ ನಗು ಬಂತು.

ಮೊದಲ ಸೋಮವಾರ ಕಾಯಿ ಎಲ್ಲ ಹಸಿರೇ ಇತ್ತು. ತೊಟ್ಟಿನ ಸುತ್ತ ಕಪ್ಪು ಅನ್ನಿಸುವಷ್ಟು ದಟ್ಟ, ಹೊಟ್ಟೆಯ ಕಡೆ ಬೂದಿ ಸವರಿದ ಹಾಗೆ. ಹೊಲದಲ್ಲಿ ನೆಲಕ್ಕೆ ತಾಗಿದ್ದ ಕಡೆ ಮಾತ್ರ ಅಂಗೈಯಗಲ ಹಳದಿ ಮಚ್ಚೆ. ಅಪ್ಪ ಡಬ್ಬಿ ಕೆದಕಿ, ಎಳೆಗಳನ್ನು ಕಣ್ಣಿನ ಹತ್ತಿರ ತಂದು ತಂದು ನೋಡಿ, ಒಂದನ್ನು ಎಳೆದು ಕಟ್ಟಿದ. ಒಣಗಿದ ಜೋಳದ ರವದಿಯ, ಅಂದರೆ ಸತ್ತ ಎಲೆಯ ಕಂದುಹಳದಿ ಬಣ್ಣ.

“ಹೌದಲ್ಲ?” ಅಂದ.

“ಹೌದಪ್ಪಾ,” ಅಂದೆ.

ಯಾಕೆ ಹಾಗೆ ಅಂದೆನೋ ಈಗಲೂ ನನಗೆ ಗೊತ್ತಿಲ್ಲ. ಕುಚ್ಚಿನಲ್ಲಿ ಒಂದು ಎಳೆ ಬೇರೆ ಬಣ್ಣದ್ದು ಬಂದರೆ ರೀಲನ್ನು ಅಂಗಡಿಯವನ ಮುಂದೆ ಕುಕ್ಕಿ ಜಗಳ ತೆಗೆಯುವವಳು ನಾನು. ನನ್ನ ಬಾಯಿಗೆ ಓಣಿಯಲ್ಲಿ ಹೆಸರಿದೆ. ಆದರೆ ಬಣ್ಣದ ವಿಷಯಕ್ಕೆ ಅಪ್ಪನಿಗೆ ‘ಅಲ್ಲ’ ಅಂದವರನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಾಲಿಗೆಗೆ ಆ ಮಾತೇ ರೂಢಿ ಇರಲಿಲ್ಲ. ಮೋಡ ಮುಚ್ಚಿದ ದಿನ, ಪಡಸಾಲೆಯಲ್ಲಿ ಬೆಳಕು ಕಡಿಮೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡನೇ ಸೋಮವಾರ ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟೆ. ಹಳದಿ ಮಚ್ಚೆ ಹಬ್ಬಿ ಮೇಲೇರಿತ್ತು. ಏಣುಗಳ ನಡುವಿನ ತಗ್ಗಿನಲ್ಲಿ ಬಣ್ಣ ಮೊದಲು ತಿರುಗಿತ್ತು, ಏಣುಗಳು ಇನ್ನೂ ಹಸಿರು. ಹತ್ತು ಹೆಜ್ಜೆ ದೂರದಿಂದ ನೋಡಿದವರೂ ಹಸಿರು ಕಾಯಿ ಅನ್ನಬೇಕು. ಅಪ್ಪ ಕಾವಿಗೆ ಹತ್ತಿರದ ಕೆಂಪು ಎಳೆ ಎತ್ತಿಕೊಂಡ.

“ಭಾಳ ಜಲ್ದಿ ತಿರಗೇತಿ. ಹೌದಲ್ಲ?”

“ಹೂನಪ್ಪಾ, ತಿರಗೇತಿ,” ಅಂದೆ. ಈ ಸಲ ಮೋಡವೂ ಇರಲಿಲ್ಲ.

ಅಪ್ಪ ಊಟ ಮಾಡಿ ಮಲಗಿದ ಮೇಲೆ ನಮ್ಮನೆಯವರಿಗೆ ಹೇಳಿದೆ. ಅವರು ಲಾಳಿ ಕೆಳಗಿಟ್ಟು ಎದ್ದರು. ಆಮೇಲೆ ಅಟ್ಟ ಹತ್ತಿ ಒಂದು ಗಂಟು ಇಳಿಸಿದರು. ಹಿಂದಿನ ತಿಂಗಳು ಅಪ್ಪ ಬಣ್ಣ ಹಾಕಿದ್ದ ನೂಲಿನ ಲಡಿಗಳು. ಹಸಿರು ಎಂದು ಹಾಕಿದ್ದು. ನೋಡಿದರೆ ನೀಲಿಗಪ್ಪು, ಮುಸ್ಸಂಜೆಯಲ್ಲಿ ಕಪ್ಪೇ ಅನ್ನಬಹುದು.

“ಮಾವಾರಿಗೆ ಹ್ಯಾಂಗ ಹೇಳಲಿ? ಪ್ಯಾಟಿಯಿಂದ ಬ್ಯಾರೆ ನೂಲು ತಂದು ನೇದು ಕೊಟ್ಟೆ,” ಅಂದರು.

“ನನಗರ ಹೇಳಬಾರದಾ?”

“ನಿನಗ ಹೇಳಿದ್ರ ನೀ ಅವರಿಗೆ ಹೇಳತಿದ್ದೇನು?”

ಮೈಯೆಲ್ಲ ಉರಿಯಿತು. ಉರಿದದ್ದು ಅವರ ಮೇಲಲ್ಲ. ಅವರು ಹೇಳಿದ್ದು ಖರೆ ಇತ್ತು.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಕುಂಬಳಕಾಯಿಯ ಮಾತು ಬಿಡಿ, ಅದು ಪಲ್ಯ ಆಗುವಂಥದ್ದು. ಬಿಳಿ ನೂಲು ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಬಳೆ ತೊಟ್ಟು, ಅರಿಷಿಣ ಹಚ್ಚಿಕೊಂಡ ಹುಡುಗಿ ಕಪ್ಪು ಸೀರೆ ಉಟ್ಟು ಹಸೆಯ ಮೇಲೆ ನಿಂತದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಬೀಗರು ಏನಂದಾರು? ಯಾರ ಬಾಯಿ ಮುಚ್ಚಿಸಲಿ? ಅಟ್ಟದ ಮೇಲಿನ ಗಂಟಿನ ಹಾಗೆ ಇದನ್ನೂ ಅಡಗಿಸಿ ಪೇಟೆಯ ನೂಲು ಇಡೋಣ ಎಂದರೆ, ಆ ಸೀರೆ ಗಿರಾಕಿಗೆ ಹೋಯಿತು, ಇದನ್ನು ಅಪ್ಪ ಮುಟ್ಟಿ ನೋಡದೆ ಬಿಡುವುದಿಲ್ಲ, ತಾನು ಹಾಕಿದ ನೂಲನ್ನು ಕೈಯಲ್ಲಿ ಹಿಡಿದೇ ಗುರುತಿಸುತ್ತಾನೆ. ಹೇಳಿಬಿಡೋಣ ಎಂದರೆ, ಬಣ್ಣ ಕಾಣದ ಬಣ್ಣದವನು ಎಂದು ಅಪ್ಪನ ಎದುರು ಹೇಗೆ ಅನ್ನುವುದು? ದಿನಕ್ಕೆ ಹತ್ತು ಸಲ ಬಾಯಿಯ ತನಕ ಬಂದ ಮಾತು ಹಿಂದೆ ಹೋಗುತ್ತಿತ್ತು. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಸುಮ್ಮಸುಮ್ಮನೆ ಗಿರಾಕಿಯೊಬ್ಬಳಿಗೆ ಬೈದೆ.

ಓಣಿಯವರು ಬಂದಾಗಲೆಲ್ಲ ಹಸಿರು ಕಾಯಿಗೆ ಕೆಂಪು ನೂಲು ಕಾಣುತ್ತದಲ್ಲ ಎಂಬುದು ಇನ್ನೊಂದು ಕಾಟ. ಅಪ್ಪ ಗುಡಿಗೆ ಹೋದಾಗ ಅದನ್ನು ಬಿಚ್ಚಿ, ಡಬ್ಬಿಯಿಂದ ಸರಿಯಾದ ಹಸಿರು ಎಳೆ ಹುಡುಕಿ ಕಟ್ಟಿದೆ. ಯಾರೂ ನೋಡಲಿಲ್ಲ ಎಂದು ನಿರಾಳ ಆದೆ. ಮರುದಿನ ಅಪ್ಪ ಕಾಯಿ ಸವರುತ್ತ ಸವರುತ್ತ ತೊಟ್ಟಿನ ಹತ್ತಿರ ಕೈ ನಿಲ್ಲಿಸಿದ.

“ಈ ಗಂಟು ನಂದಲ್ಲ.”

ನೇಕಾರರ ಮನೆಯಲ್ಲಿ ಒಬ್ಬೊಬ್ಬರ ಗಂಟು ಒಂದೊಂದು ನಮೂನೆ. ಅಪ್ಪನದು ಒಂದೇ ಕೈಯಲ್ಲಿ ಹಾಕುವ ಸಣ್ಣ ಗಂಟು, ನನ್ನದು ಕುಚ್ಚು ಕಟ್ಟುವವಳ ಗಂಟು. ಅದು ನನಗೆ ನೆನಪೇ ಆಗಿರಲಿಲ್ಲ.

“ನಾ ಏನೂ ಮಾಡಿಲ್ಲ,” ಅಂದೆ.

ಅಪ್ಪ ನಕ್ಕ. “ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ನಂತ. ನಾ ನಿನ್ನ ಹೆಸರರ ಹೇಳೇನೇನ?”

“ಬಿಚ್ಚಿಬಿದ್ದಿತ್ತು, ಅದನ್ನ ಮತ್ತ ಕಟ್ಟೇನಿ,” ಅಂದೆ. ಅಪ್ಪ ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿ, ಆತು ಬಿಡು ಎಂದ. ಹಸಿರು ಎಳೆ ಅವನ ಕಣ್ಣೆದುರೇ ಇತ್ತು. ಅದು ಕೆಂಪಲ್ಲ ಎಂದು ಅವನಿಗೆ ಕಾಣಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಕ್ಕ ಫೋಟೋ ಕಳಿಸು ಎಂದು ಬೆನ್ನು ಹತ್ತಿದ್ದಳು. ಸಂಜೆ ಬಲ್ಬಿನ ಬೆಳಕಿನಲ್ಲಿ ತೆಗೆದೆ. ಫೋನಿನಲ್ಲಿ ಕಾಯಿ ಚೆಂದ ಕೆಂಪಗೆ ಬಂತು. ಕಳಿಸಿದೆ. ‘ಭೇಷ್’ ಎಂದು ಅಕ್ಕ ಬರೆದಳು. ಆ ರಾತ್ರಿ ಮಾತ್ರ ನನಗೆ ನಿದ್ದೆ ಬಂತು, ಎಂಥ ಹುಚ್ಚು ನೋಡಿ.

ಮೂರನೇ ಸೋಮವಾರ ಅಪ್ಪ ಡಬ್ಬಿಯಲ್ಲಿದ್ದ ಅತಿ ಕಡು ಕೆಂಪು ಎಳೆ ತೆಗೆದ. ಕಾಯಿ ಅರ್ಧ ಹಳದಿ, ಅರ್ಧ ಹಸಿರು ಇತ್ತು. ತೊಟ್ಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಪೂರಾ ಕೆಂಪಾತಲ್ಲ ಎಂದು ಅಪ್ಪ ಕೇಳಿದ್ದಕ್ಕೆ ಈ ಸಲವೂ ಹೂಂ ಅಂದೆ.

“ಬರೂ ಅಮಾಸಿಗೆ ಕೊಯ್ಯೂಣು. ಮಗ್ಗಕ್ಕೂ ರಜಾ ಇರತೈತಿ.”

“ಇನ್ನ ಒಂದೆರಡು ವಾರ ಇರಲಿ ಬಿಡಪ್ಪಾ,” ಅಂದೆ ಗಾಬರಿಯಲ್ಲಿ.

“ಯಾಕ? ಪೂರಾ ಕೆಂಪಾತು ಅಂತ ನೀನೂ ಅಂದಿ. ಹೆಚ್ಚಿಗಿ ಇಟ್ರ ಒಳಗ ಬೀಜ ಮಳಿಕಿ ಒಡೀತಾವ.”

ನಾನೇ ನೇಯ್ದ ಬಲೆಯಲ್ಲಿ ನಾನೇ ಬಿದ್ದಿದ್ದೆ. ಆಗ ಹೇಳಬೇಕಿತ್ತು. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು, ನಾಲ್ಕೂ ದಿನ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದು ನಾಲ್ಕು ದಿನ ದೂಡಿದೆ.

ನಮ್ಮಲ್ಲಿ ಇಡೀ ಕುಂಬಳಕಾಯಿಯ ಮೊದಲ ಕೊಯ್ತ ಹೆಂಗಸರು ಹಾಕುವುದಿಲ್ಲ. ಮನೆಯ ಹಿರೀ ಗಂಡಸು ಕುಡಗೋಲು ಊರಬೇಕು, ಆಮೇಲೆ ನಾವು ಎಷ್ಟು ಹೋಳು ಬೇಕಾದರೂ ಮಾಡಬಹುದು. ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಕಾಯಿಗೆ ಕುಂಕುಮ ಹಚ್ಚಿ, ಕುಡಗೋಲಿನ ಮೊನೆ ಊರಿದ. ಅದು ಎಲ್ಲಿ ಜಾರಿ ಅವನ ಕೈ ಕೊಯ್ದೀತೋ ಎಂದು ನಾನು ಪಕ್ಕಕ್ಕೇ ನಿಂತಿದ್ದೆ. ಜಾರಲಿಲ್ಲ. ನಮ್ಮನೆಯವರು ಕೈ ಹಚ್ಚಿದರು, ಕಾಯಿ ಎರಡಾಯಿತು. ಒಳಗೆ ತಿರುಳು ಪೇಲವ ಹಳದಿ, ಹಸಿ ವಾಸನೆ.

ಅಪ್ಪ ತಿರುಳೊಳಗೆ ಕೈ ಹಾಕಿ ನಾಲ್ಕು ಬೀಜ ತೆಗೆದು ಹೆಬ್ಬೆರಳಿನಲ್ಲಿ ಒತ್ತಿದ. ಅವು ಮೆತ್ತಗೆ ಚಪ್ಪಟೆ ಆದವು. ಇನ್ನೂ ನಾಲ್ಕು ತೆಗೆದ. ಅವೂ ಹಾಗೇ. ಅಪ್ಪ ಕೈ ಅಲ್ಲೇ ಇಟ್ಟುಕೊಂಡು ಕುಳಿತ.

ಅದೇ ಹೊತ್ತಿಗೆ ಅಕ್ಕ ಬಂದಳು. ಕೊಯ್ಯುವ ದಿನವನ್ನು ಅಪ್ಪನೇ ಫೋನಿನಲ್ಲಿ ಹೇಳಿದ್ದ, ಬೀಜ ಒಯ್ಯಲು ಚೀಲ ಹಿಡಿದುಕೊಂಡು ಮೊದಲ ಬಸ್ಸಿಗೇ ಹೊರಟಿದ್ದಳಂತೆ. ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು.

“ಅಯ್ಯ ಶಿವನ! ಫೋಟೋದಾಗ ಕೆಂಪ ಕಾಣತಿತ್ತಲ್ಲ, ಇಷ್ಟ ಹಸರ ಇದ್ದಾಗ ಯಾಕ ಕೊಯ್ದ್ರಿ? ನಿಮಗ್ಯಾರಿಗೂ ಕಣ್ಣ ಇಲ್ಲೇನು?”

ಅಪ್ಪ ಅಕ್ಕನ ಧ್ವನಿ ಬಂದ ಕಡೆ ತಿರುಗಿ ಕೇಳಿದ.

“ಹಸರ ಐತೇನು?”

“ಅರ್ಧಕ್ಕರ್ಧ ಹಸರ ಐತಲ್ಲಪಾ. ಕಾಣವಲ್ದೇನು ನಿನಗ?”

ಅಪ್ಪ ನನ್ನ ಕಡೆ ನೋಡಿದ. “ನೀ ಕೆಂಪ ಅಂದಿ,” ಅಂದ. ಸಿಟ್ಟು ಇರಲಿಲ್ಲ, ಸುಮ್ಮನೆ ನೆನಪು ಮಾಡಿಕೊಂಡವನ ಹಾಗೆ. ತೊಟ್ಟಿನ ನೂಲು ಮುಟ್ಟಿ, “ಗಂಟು ಅದಕ್ಕ ಬಿಚ್ಚಿ ಕಟ್ಟಿದಿ,” ಅಂದ.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ತಿರುಗಿ ಕೂಗಾಡುತ್ತಿದ್ದೆ, ಕೊನೆಗೆ ಇಬ್ಬರೂ ಸಮ ಆಗುತ್ತಿದ್ದೆವು. ಅಪ್ಪ ಕೈ ತೊಳೆದುಕೊಂಡು ಹಿತ್ತಲಿಗೆ ಹೋಗಿ ಹಂಡೆಯ ಪಕ್ಕ ಕುಳಿತ. ನಮ್ಮನೆಯವರು ಅಟ್ಟದ ಗಂಟಿನ ವಿಷಯವನ್ನೂ ಆಗಲೇ ಒಪ್ಪಿಕೊಂಡರು, ಒಂದೇ ಸಲಕ್ಕೆ ಮುಗಿಯಲಿ ಎಂದು. ಅಪ್ಪ ಅದಕ್ಕೂ ಹೂಂ ಅಂದ, ಅಷ್ಟೇ.

ಅಕ್ಕನಿಗೆ ಬೀಜ ಹೋದದ್ದು ಮರೆತೇಹೋಯಿತು. ಹಿತ್ತಲಲ್ಲಿ ಅಪ್ಪನ ಎದುರು ಕುಕ್ಕರುಗಾಲಲ್ಲಿ ಕುಳಿತು ನಿಧಾನಕ್ಕೆ ಮಾತಾಡಿದಳು. ಕಣ್ಣಿಗೆ ಪೊರೆ ಬಂದಿರಬೇಕು, ಅವಳ ಅತ್ತೆಗೂ ಹಾಗೇ ಆಗಿತ್ತು, ತೆಗೆಸಿದರೆ ಎಲ್ಲ ಕಾಣುತ್ತದೆ. ಮೊದಲ ಮದುವಿ ಮುಗೀಲಿ, ಆಮ್ಯಾಗ ನೋಡೂಣು ಅಂದ ಅಪ್ಪ.

“ಮತ್ತ ಸೀರಿ?”

“ಹಾಕತೀನಿ. ಎಷ್ಟು ಹಳದಿ, ಎಷ್ಟು ನೀಲಿ ಅನ್ನೂದು ಕೈಗೆ ಗೊತ್ತೈತಿ.”

“ಸಾಕು ಅನ್ನೂದನ್ನ ತಂಗಿ ನೋಡಿ ಹೇಳತಾಳ ತಗೋ,” ಅಂದಳು ಅಕ್ಕ. ಅಪ್ಪ ಅದಕ್ಕೆ ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಓಣಿಗೆ ಹಂಚಬೇಕಾದ ಕಾಯಿಯನ್ನು ಹಂಚಿದೆವು. ಎಳೆಯದು, ರುಚಿ ಇರಲಿಲ್ಲ. ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಮೂರನೇ ದಿನ ಹಂಡೆಗೆ ಬೆಂಕಿ ಹಾಕಿದೆವು. ನೂಲಿಗೆ ಮೊದಲು ಹಳದಿ ಕುಡಿಸಿ, ಆಮೇಲೆ ಚಮಚೆ ಚಮಚೆಯಾಗಿ ನೀಲಿ ಬಿಡುತ್ತ ಕೋಲಿನಿಂದ ತಿರುವುತ್ತ ಹೋಗುವುದು ಅಪ್ಪನ ಪದ್ಧತಿ. ಯಾವ ಚಮಚೆಗೆ ನಿಲ್ಲಿಸಬೇಕು ಅನ್ನುವುದು ಮಾತ್ರ ಕಣ್ಣಿನ ಕೆಲಸ. ಒಂದು ಹೆಚ್ಚಾದರೆ ಹಸಿರು ಕಂದುತ್ತದೆ, ಇನ್ನೊಂದಕ್ಕೆ ಕಪ್ಪಿನ ಕಡೆ ಹೊರಳುತ್ತದೆ, ಅಲ್ಲಿಂದ ಹಿಂದೆ ತರಲು ಬರುವುದಿಲ್ಲ. ಹಸಿ ನೂಲು ಬೇರೆ ಒಣಗಿದ್ದಕ್ಕಿಂತ ದಟ್ಟ ಕಾಣುತ್ತದೆ. ನಾನು ಹಂಡೆಯ ಮೇಲೆ ಬಗ್ಗಿ, ಆವಿಗೆ ಕಣ್ಣು ಉರಿಸಿಕೊಳ್ಳುತ್ತ ಕಾದೆ. ಎಳೆ ಗರಿಕೆಯ ಬಣ್ಣ ಬಂತು. ಇನ್ನೊಂದು ಚಮಚೆ. ಇನ್ನೊಂದು. ಆಮೇಲೆ ಬಂತು, ಹುಡುಗಿ ಬಯಸಿದ್ದ ಹಸಿರು, ಯಾವ ಪಾಕೀಟಿನಲ್ಲೂ ಸಿಗದ ಹಸಿರು. ನನ್ನ ಇಡೀ ಆಯುಷ್ಯದಲ್ಲಿ ಒಂದು ಬಣ್ಣದ ಬಗ್ಗೆ ಅಷ್ಟು ಖಾತ್ರಿ ಎಂದೂ ಆಗಿರಲಿಲ್ಲ.

“ಸಾಕಪ್ಪಾ. ತಗಿ. ಹಸರಾತು.”

ಅಪ್ಪನ ಕೈಯಲ್ಲಿ ಚಮಚೆ ಇತ್ತು, ಅದರಲ್ಲಿ ನೀಲಿ ಇತ್ತು. ಅವನು ಅದನ್ನು ಹಾಕಲಿಲ್ಲ, ಕೆಳಗೂ ಇಡಲಿಲ್ಲ. ನನ್ನ ಮುಖದ ಕಡೆ ನೋಡಿದ.

“ಖರೆ ಹೇಳತೀನಪ್ಪಾ. ನಿನ್ನಾಣಿ.”

ಅಪ್ಪ ಚಮಚೆ ಇಟ್ಟು, ಕೋಲಿನಲ್ಲಿ ಒಂದು ಲಡಿ ಎತ್ತಿ, ಹಿಂಡಿದ. ಅದು ಹನಿಯುತ್ತಿರುವಾಗಲೇ ಹಿತ್ತಲ ಬಾಗಿಲು ದಾಟಿ, ಪಡಸಾಲೆ ದಾಟಿ, ಓಣಿಗೆ ಇಳಿದ. ನಾನು ಹಿಂದೆ ಓಡಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಕಾಯಿಪಲ್ಲೆ ಮಾರುವ ಹೆಂಗಸೊಬ್ಬಳು ಹೋಗುತ್ತಿದ್ದಳು, ನಮ್ಮ ಓಣಿಗೆ ದಿನಾ ಬರುವವಳಲ್ಲ. ಅಪ್ಪ ಅವಳನ್ನು ನಿಲ್ಲಿಸಿದ.

“ಯವ್ವಾ, ಇದು ಯಾವ ಬಣ್ಣ ಹೇಳ ಒಂದೀಟ.”

ಅವಳು ಅಪ್ಪನನ್ನೂ, ನೆಲಕ್ಕೆ ಬೀಳುತ್ತಿದ್ದ ಹನಿಗಳನ್ನೂ, ಬಾಗಿಲಲ್ಲಿ ನಿಂತ ನನ್ನನ್ನೂ ನೋಡಿದಳು. ಏನೋ ಚೇಷ್ಟೆ ಇರಬೇಕೆಂದು ನಕ್ಕಳು.

“ಹಸರಲ್ಲೇನೋ ಯಜ್ಜಾ.”

“ಎಂಥಾ ಹಸರು?”

“ಚಲೋ ಹಸರು. ಈ ಮೆಂತೆ ಪಲ್ಲೆ ಐತಲ್ಲ, ಹಿಂಗ.” ಬುಟ್ಟಿಯಿಂದ ಒಂದು ಸಿವುಡು ಎತ್ತಿ ನೂಲಿನ ಪಕ್ಕ ಹಿಡಿದಳು.

ಅಪ್ಪನ ಹೆಗಲು ಇಳಿಯಿತು. ಚಲೋ ಆತವಾ ಎಂದ. ಅವಳು ಕೂಗುತ್ತ ಮುಂದೆ ಹೋದಳು. ಅಪ್ಪ ಹಿಂದೆ ಬಂದು, ನನ್ನನ್ನು ದಾಟಿ, ಹಿತ್ತಲ ಗಳಕ್ಕೆ ಲಡಿ ಹಾಕಿ, ಸುಕ್ಕು ಬಿಡಿಸಿ ಒಣಗಲು ಬಿಟ್ಟ. ಆಮೇಲೆ ಹಂಡೆಯ ಹತ್ತಿರ ಬಂದು ಉಳಿದ ಲಡಿಗಳನ್ನು ತೆಗೆಯಲು ಕೋಲು ಎತ್ತಿಕೊಂಡ.

“ಹಸರ ಐತಂತ,” ಅಂದ ನನಗೆ.